ಹಂದಿಯಾದವನಿಗೆ ಸರ್ಸಿ ಯಾರೆಂದು ಗೊತ್ತಿರಲಿಲ್ಲ

ಪ್ರಶ್ನೆ: ಉಡುಪಿಯಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತನಾಡುವ ಏಳು ಮಂದಿ ನಾವು. ಈ ಬಾರಿ ಮಗ ಊರಿಗೆ ಬಂದಾಗ ಕೊಟ್ಟುಹೋದ ‘ಸಿಲ್ವರ್‌ಲಾಕ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಿದೆವು. ಹಡಗು ಮುಳುಗಿ ಸಮುದ್ರದ ಪಾಲಾದ ಅಮೆರಿಕದವನೊಬ್ಬ, ಪುರಾಣ ಮತ್ತು ಸಾಹಿತ್ಯದ ಪಾತ್ರಗಳೇ ವಾಸಿಸುವ ನಾಡಿಗೆ ಬಂದು ಬೀಳುವ ಕಥೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ನಲವತ್ತಕ್ಕೂ ಹೆಚ್ಚು ಪಾತ್ರಗಳ ಮೂಲವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಬಂದು, ‘ಇದು ಮಹಾಕೃತಿ’ ಎಂದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು ‘ಎರವಲು ಒಡವೆಗಳ ಮೆರವಣಿಗೆ’ ಎಂದು ತಳ್ಳಿಹಾಕಿದರು. ಎಂಜಿನಿಯರಿಂಗ್ ಓದುವ ಹುಡುಗ ನಾಯಕನ ಮೇಲೆ ಸಿಟ್ಟಾಗಿ ಅರ್ಧಕ್ಕೇ ಮುಚ್ಚಿಟ್ಟ. ಹಿರಿಯರೊಬ್ಬರು ‘ನಮ್ಮ ಪುರಾಣಗಳನ್ನು ಯಾರಾದರೂ ಹೀಗೆ ಕಲಸಿದರೆ ಸುಮ್ಮನಿರುತ್ತೀರಾ’ ಎಂದು ಕೇಳಿದರು. ನನಗಂತೂ ಅರ್ಧದಷ್ಟು ಪಾತ್ರಗಳ ಗುರುತೇ ಸಿಗಲಿಲ್ಲ. ಪರಿಚಯವಿಲ್ಲದವರ ಮದುವೆಯ ಪಂಕ್ತಿಯಲ್ಲಿ ಕುಳಿತ ಹಾಗಿತ್ತು. ಆದರೂ ಕೊನೆಯವರೆಗೂ ಓದಿದೆ. ಯಾರ ಅಭಿಪ್ರಾಯ ಸರಿ? ನಮ್ಮ ಕಥೆಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಇಂಥದ್ದನ್ನು ಬರೆಯಬಹುದೇ?

ಉತ್ತರ: ಪರಿಚಯವಿಲ್ಲದವರ ಪಂಕ್ತಿಯಲ್ಲಿ ಕುಳಿತೂ ಎಲೆ ಬಿಟ್ಟು ಏಳಲಿಲ್ಲ ಎಂದಿರಲ್ಲ, ನಾನು ಅಲ್ಲಿಂದಲೇ ಶುರುಮಾಡುತ್ತೇನೆ. ನಿಮ್ಮ ಏಳು ಮಂದಿಯಲ್ಲಿ ಈ ಪುಸ್ತಕದ ತೀರ ಹತ್ತಿರ ಕುಳಿತು ಓದಿದವರು ನೀವು. ಉಪಚಾರಕ್ಕೆ ಹೇಳುತ್ತಿಲ್ಲ. ಕಾರಣ ಕಾದಂಬರಿಯ ಒಳಗೇ ಇದೆ.

ಜಾನ್ ಮೈಯರ್ಸ್ ಮೈಯರ್ಸ್ (ಅಚ್ಚಿನ ತಪ್ಪಲ್ಲ, ಹೆಸರಿನಲ್ಲಿ ಮೈಯರ್ಸ್ ಎರಡು ಸಲ ಇದೆ) ಇದನ್ನು 1949ರಲ್ಲಿ ಪ್ರಕಟಿಸಿದರು. ನಾಯಕ ಕ್ಲಾರೆನ್ಸ್ ಷಾಂಡನ್ ವ್ಯವಹಾರಶಾಸ್ತ್ರ ಓದಿದವನು. ಕಥೆ, ಕಾವ್ಯ ಯಾವುದರ ಗಾಳಿಯೂ ಸೋಕದವನು. ಅವನು ಹತ್ತಿದ ಹಡಗಿನ ಹೆಸರನ್ನು ನೆನಪಿಸಿಕೊಳ್ಳಿ: ನಾಗ್ಲ್‌ಫಾರ್. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಅದು ಸತ್ತವರ ಉಗುರುಗಳಿಂದ ಕಟ್ಟಿದ, ಲೋಕ ಮುಗಿಯುವ ಕಾಲಕ್ಕೆ ನೀರಿಗಿಳಿಯುವ ಹಡಗು. ಮಲ್ಪೆಯಲ್ಲಿ ಯಾರಾದರೂ ಹೊಸ ದೋಣಿಗೆ ‘ವೈತರಣಿ’ ಎಂದು ಹೆಸರು ಬರೆಸಿದರೆ ನಾವು ಆ ದೋಣಿ ಹತ್ತುತ್ತೇವೆಯೇ? ಷಾಂಡನ್ ಹತ್ತುತ್ತಾನೆ. ಹಡಗು ಮುಳುಗುತ್ತದೆ. ತೇಲುತ್ತಿರುವಾಗ ಬಿಳಿಯ ತಿಮಿಂಗಿಲವೊಂದು ಹಾದುಹೋಗುತ್ತದೆ, ಅದರ ಬೆನ್ನು ಹತ್ತಿದ ಹಡಗೂ ಕಾಣಿಸುತ್ತದೆ. ಅದು ಮೆಲ್ವಿಲ್‌ನ ಕಾದಂಬರಿಯ ‘ಮೋಬಿ ಡಿಕ್’ ಎಂದು ಅವನಿಗೆ ತಿಳಿಯದು. ದ್ವೀಪವೊಂದರಲ್ಲಿ ಚೆಲುವೆಯೊಬ್ಬಳನ್ನು ಕಂಡು ಸಲಿಗೆ ತೋರಲು ಹೋಗಿ ಹಂದಿಯಾಗುತ್ತಾನೆ. ಹೋಮರನ ‘ಒಡಿಸ್ಸಿ’ಯ ಹತ್ತನೆಯ ಸರ್ಗವನ್ನು ಓದಿದ್ದರೆ ಆ ಮನೆಯ ಅಂಗಳಕ್ಕೇ ಕಾಲಿಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಸರ್ಸಿ ಎಂಬ ಮಾಟಗಾತಿ ಒಡಿಸ್ಯೂಸನ ಜೊತೆಗಾರರನ್ನು ಮಾಡಿದ್ದೂ ಅದನ್ನೇ.

ಪುಸ್ತಕದ ಉದ್ದಕ್ಕೂ ನಡೆಯುವುದು ಇದೇ. ಎಲ್ಲರನ್ನೂ ಭೇಟಿಯಾಗುವವನು ಯಾರನ್ನೂ ಗುರುತಿಸುವುದಿಲ್ಲ. ಲೇಖಕ ಬೇಕೆಂದೇ ಅಂಥವನನ್ನು ಆರಿಸಿಕೊಂಡಿದ್ದಾನೆ. ಎಲ್ಲವನ್ನೂ ಓದಿದ ಪಂಡಿತನನ್ನು ಆ ನಾಡಿಗೆ ಕಳುಹಿಸಿದ್ದರೆ ಅದು ವಸ್ತುಸಂಗ್ರಹಾಲಯದ ಸುತ್ತಾಟವಾಗುತ್ತಿತ್ತು. ಹಾಗಾಗಿ ಗುರುತು ಸಿಗದೆ ತಬ್ಬಿಬ್ಬಾದ ನೀವು ನಾಯಕನ ಪಕ್ಕದ ಎಲೆಯಲ್ಲೇ ಕುಳಿತಿದ್ದಿರಿ. ಅವನಿಗೆ ಆಗುವ ಭಯ ಮತ್ತು ಬೆರಗು ನಿಮಗೂ ಆದವು. ‘ಚೆನ್ನಾಗಿ ಓದಿಕೊಂಡವರಿಗೆ ಮಾತ್ರ ಈ ಪುಸ್ತಕ’ ಎಂಬ ಅಭಿಪ್ರಾಯವನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ, ಒಮ್ಮೆಯೂ ಒಪ್ಪಿಲ್ಲ.

ಗುರುತು ಹಿಡಿದವರಿಗೆ ಸಿಗುವ ಸುಖ ಬೇರೆ ಜಾತಿಯದು, ಅದೇನೂ ಕೀಳಲ್ಲ. ಕರಾವಳಿಯವರಾದ ನಮಗೆ ಎರಡೂ ಪರಿಚಿತ. ಬಯಲಾಟದಲ್ಲಿ ವಾಲಿ ಸುಗ್ರೀವರು ಹೋರಾಡುವಾಗ ಮರದ ಮರೆಯಲ್ಲಿ ರಾಮನಿದ್ದಾನೆಂದು ಹಿರಿಯರಿಗೆ ಗೊತ್ತು. ಚಾಪೆಯ ತುದಿಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕುಳಿತ ಮಗುವಿಗೆ ಗೊತ್ತಿಲ್ಲ. ಬಾಣ ಬಂದು ನಾಟಿದಾಗ ಮಗು ಬೆಚ್ಚುತ್ತದೆ. ಹಿರಿಯರು ಅದಕ್ಕೂ ಮೊದಲಿನಿಂದಲೇ ಉಸಿರು ಬಿಗಿಹಿಡಿದಿರುತ್ತಾರೆ. ಇಬ್ಬರಲ್ಲಿ ಆಟವನ್ನು ನಿಜವಾಗಿ ನೋಡಿದವರು ಯಾರು ಎಂದು ಕೇಳುವುದೇ ತಪ್ಪು. ತಾಳಮದ್ದಳೆಗೆ ಬಂದರೆ ಮಾತು ಇನ್ನೂ ಸ್ಪಷ್ಟ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕಥೆ ಎಲ್ಲರಿಗೂ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಹೋಗುತ್ತಿದ್ದುದು ವಾಲಿ ಸಾಯುತ್ತಾನೋ ಇಲ್ಲವೋ ಎಂದು ತಿಳಿಯಲು ಅಲ್ಲ. ಸಾಯುವ ಮೊದಲು ರಾಮನನ್ನು ಈ ಸಲ ಏನು ಕೇಳುತ್ತಾನೆ ಎಂದು ತಿಳಿಯಲು.

ನಿಮ್ಮ ಬ್ಯಾಂಕಿನ ಮಿತ್ರರ ವಿಷಯ. ಅವರ ನೋಟ್‌ಪುಸ್ತಕದ ಮೇಲೆ ನನಗೆ ಗೌರವವಿದೆ. ನಾನೂ ಒಂದು ಕಾಲಕ್ಕೆ ಅದೇ ಕೆಲಸ ಮಾಡಿದವನು. ಈ ಕಾದಂಬರಿಯಲ್ಲಿ ಹೆಸರುಗಳನ್ನು ಬಹುಮಟ್ಟಿಗೆ ಮರೆಮಾಡಿ, ತಿರುಚಿ, ಅಡ್ಡಹೆಸರಿನಲ್ಲಿ ಇಟ್ಟಿರುವುದರಿಂದ ಹುಡುಕುವ ಚಪಲ ಯಾರಿಗೂ ಹತ್ತುತ್ತದೆ. ಇದರ ಅಭಿಮಾನಿಗಳು ಪಾತ್ರ ಪಾತ್ರಕ್ಕೂ ಮೂಲ ತಿಳಿಸುವ ಟಿಪ್ಪಣಿಗಳ ಪುಸ್ತಕವನ್ನೇ ಹೊರತಂದಿದ್ದಾರೆ. ಆದರೆ ನಲವತ್ತು ಪಾತ್ರಗಳನ್ನು ಗುರುತಿಸಿದ್ದು ಓದುಗನ ಸಾಧನೆ. ಅದನ್ನು ಕೃತಿಯ ಲೆಕ್ಕಕ್ಕೆ ಜಮೆ ಮಾಡಿ ‘ಮಹಾಕೃತಿ’ ಎಂದರೆ ಖಾತೆ ಬದಲಾಗಿದೆ ಎಂದೇ ನಾನು ಹೇಳುವೆ, ಬ್ಯಾಂಕಿನವರಿಗೆ ಅರ್ಥವಾದೀತು. ಆ ನಲವತ್ತರಲ್ಲಿ ಯಾರ ಹೆಸರೂ ಗೊತ್ತಿಲ್ಲದೆ ಹೋಗಿದ್ದರೂ ಮನಸ್ಸಿನಲ್ಲಿ ಉಳಿಯುತ್ತಿದ್ದವರು ಯಾರು ಎಂದು ಅವರನ್ನು ಕೇಳಿ ನೋಡಿ. ನನ್ನನ್ನು ಕೇಳಿದರೆ ಮೊದಲ ಹೆಸರು ಗೋಲಿಯಾಸ್.

ಈ ಗೋಲಿಯಾಸ್ ಹಾಡುಗಾರ. ಊರೂರಿಗೆ ಅವನ ಹೆಸರು ಬೇರೆ; ಆರ್ಫಿಯಸ್, ಟಾಲಿಯೆಸಿನ್, ವಿಡ್‌ಸಿತ್ ಎಲ್ಲ ಅವನೇ. ಜಗತ್ತಿನ ಹಾಡುಗಾರರೆಲ್ಲ ಸೇರಿ ಒಬ್ಬನಾದಂತೆ. ನಾಯಕನನ್ನು ಹಂದಿಯ ರೂಪದಿಂದ ಬಿಡಿಸಿ, ಬೈದು, ಕುಡಿಸಿ, ದಾರಿ ತೋರಿಸುವವನು ಅವನೇ. ನಮ್ಮ ಭಾಗವತರು ಜಾಗಟೆ ಕೈಯಲ್ಲಿಟ್ಟುಕೊಂಡೇ ರಂಗಸ್ಥಳಕ್ಕೆ ಇಳಿದು ಪಾತ್ರಧಾರಿಯ ಜೊತೆ ನಡೆದುಬಿಟ್ಟರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಒಂದು ಕಡೆ ಅವನು 1836ರ ಅಲಮೋ ಕದನದ ಕಥೆಯನ್ನು, ಅಂದರೆ ಅಮೆರಿಕದವರಿಗೆ ನಿನ್ನೆ ಮೊನ್ನೆಯದೆನ್ನಿಸುವ ಘಟನೆಯನ್ನು, ಸಾವಿರ ವರ್ಷ ಹಿಂದಿನ ಇಂಗ್ಲಿಷಿನ ಗತ್ತಿನಲ್ಲಿ, ಪದಗಳ ಮೊದಲ ಅಕ್ಷರ ಮರುಕಳಿಸುವ ಹಳೆಯ ಛಂದಸ್ಸಿನಲ್ಲಿ ಹಾಡುತ್ತಾನೆ. ಮೂಲ ಯಾವುದೆಂದು ಗೊತ್ತಿಲ್ಲದಿದ್ದರೂ ಆ ಹಾಡಿನ ತಾಳ ಕಿವಿಗೆ ತಾಗುತ್ತದೆ. ಸಾಧ್ಯವಾದರೆ ಮುಂದಿನ ಸಭೆಯಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಲಿ.

ಇನ್ನು ‘ಎರವಲು ಒಡವೆ’. ಎರವಲು ತಂದದ್ದೇ ಅಪರಾಧವೆಂದಾದರೆ ಕನ್ನಡ ಕಾವ್ಯದ ಪೆಟ್ಟಿಗೆ ಖಾಲಿಯಾಗುತ್ತದೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ಕುಮಾರವ್ಯಾಸ ಹೇಳಿದ. ಹೇಳಿ ತಾನು ಬರೆದದ್ದು ಇನ್ನೊಂದು ಎರವಲು ಕಥೆಯನ್ನು. ಅವನನ್ನು ಯಾರೂ ಸಾಲಗಾರ ಎನ್ನಲಿಲ್ಲ. ಆದರೆ ನಿಮ್ಮ ಇಂಗ್ಲಿಷ್ ಮೇಡಂ ಹೇಳಿದ್ದರಲ್ಲಿ ‘ಎರವಲು’ ಎಂಬ ಪದವನ್ನು ಬಿಟ್ಟು ‘ಮೆರವಣಿಗೆ’ ಎಂಬುದನ್ನು ಹಿಡಿದುಕೊಂಡರೆ ಮಾತಿಗೆ ತೂಕ ಬರುತ್ತದೆ. ಒಡ್ಡೋಲಗ ಎಷ್ಟೇ ಸೊಗಸಾಗಿರಲಿ, ಅದು ಪ್ರವೇಶ ಮಾತ್ರ. ಕಿರೀಟ, ಪ್ರಭಾವಳಿ, ತೆರೆಯ ಹಿಂದಿನ ಅಬ್ಬರ ಎಲ್ಲ ಮುಗಿದ ಮೇಲೆ ಆ ವೇಷ ಏನು ಮಾಡಿತು, ಏನು ಅರ್ಥ ಹೇಳಿತು? ‘ಸಿಲ್ವರ್‌ಲಾಕ್’ನಲ್ಲಿ ರಾಬಿನ್ ಹುಡ್ ಬರುತ್ತಾನೆ, ಡಾನ್ ಕ್ವಿಕ್ಸೋಟ್ ಬರುತ್ತಾನೆ, ಇನ್ನೂ ಹಲವರು ಸಾಲಾಗಿ ಬರುತ್ತಾರೆ, ಅವರಲ್ಲಿ ಅನೇಕರು ಒಂದು ಸುತ್ತು ಕುಣಿದು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಮರಳುತ್ತಾರೆ. ಸ್ಪೇನಿನ ಆ ಮುದುಕ ತನ್ನ ಮೂಲ ಕಾದಂಬರಿಯಲ್ಲಿ ನಮ್ಮನ್ನು ನಗಿಸುತ್ತಲೇ ಗಂಟಲು ಕಟ್ಟುವಂತೆ ಮಾಡುತ್ತಾನೆ. ಇಲ್ಲಿ ಆ ಎರಡನೆಯ ಕೆಲಸಕ್ಕೆ ಅವನಿಗೆ ಸಮಯವೇ ಸಿಗುವುದಿಲ್ಲ. ಮೊದಲೇ ಓದಿದವರು ತಮ್ಮ ನೆನಪಿನಿಂದ ಆ ತೂಕವನ್ನು ತುಂಬಿಕೊಳ್ಳುತ್ತಾರೆ. ಓದದವರಿಗೆ ಅವನು ದಾರಿಯಲ್ಲಿ ಸಿಕ್ಕ ವಿಚಿತ್ರ ಮನುಷ್ಯ, ಅಷ್ಟೇ. ಪುಸ್ತಕದ ನಿಜವಾದ ಕೊರತೆ ಇದು. ಇದಕ್ಕೆ ಇನ್ನೊಂದನ್ನು ನಾನು ಸೇರಿಸುತ್ತೇನೆ: ಹೆಣ್ಣು ಪಾತ್ರಗಳು ತೆಳು. ಮೋಹಿಸುವುದು, ಮೋಸ ಮಾಡುವುದು, ಕಾಯುವುದು, ಇವುಗಳಾಚೆ ಅವರಿಗೆ ಹೆಚ್ಚು ಕೆಲಸವಿಲ್ಲ. ನಿಮ್ಮ ಗುಂಪಿನಲ್ಲಿ ಯಾರೂ ಈ ಮಾತೆತ್ತಲಿಲ್ಲ ಎಂಬುದು ನನಗೆ ಸ್ವಲ್ಪ ಅಚ್ಚರಿ.

ಅರ್ಧಕ್ಕೆ ನಿಲ್ಲಿಸಿದ ಹುಡುಗನಿಗೆ ಸಿಟ್ಟು ಬಂದದ್ದು ನ್ಯಾಯವೇ. ಷಾಂಡನ್ ಒರಟ, ಸ್ವಾರ್ಥಿ, ಯಾರು ಸತ್ತರೂ ಕೆಟ್ಟರೂ ತನಗೇನು ಎನ್ನುವವನು. ಆದರೆ ಕಥೆ ಹೇಳುತ್ತಿರುವವನೂ ಅವನೇ, ತನ್ನ ಒರಟುತನವನ್ನು ಮುಚ್ಚಿಡದೆ ಹೇಳುತ್ತಿದ್ದಾನೆ. ಆ ಪ್ರಾಮಾಣಿಕತೆ ಅವನಿಗೆ ಎಲ್ಲಿಂದ ಬಂತು? ಮೂರು ಭಾಗಗಳ ಈ ಪ್ರಯಾಣದ ಕೊನೆಯಲ್ಲಿ ಅವನು ಪಾತಾಳಕ್ಕೆ ಇಳಿಯುತ್ತಾನೆ, ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ಇಳಿದ ಹಾಗೆ. ಆ ಇಳಿತದಲ್ಲಿ ಹಾಸ್ಯವೆಲ್ಲ ಸೋರಿಹೋಗಿ, ಪುಸ್ತಕ ಬೇರೆಯೇ ಆಗುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯಲ್ಲಿ ಅತ್ಯಂತ ಗಟ್ಟಿಯಾದ ಪುಟಗಳು ಅವು. ಅಲ್ಲಿಯವರೆಗೆ ಬಾರದೆ ನಾಯಕನನ್ನು ಅಳೆದರೆ, ಮುಂಜಾವದ ಪಾತ್ರವನ್ನು ಸಂಜೆಯ ಪೂರ್ವರಂಗದಲ್ಲೇ ಅಳೆದ ಹಾಗೆ.

ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಸುಲಭ. ಕ್ರಿ.ಶ. 941ರಲ್ಲಿ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿ ಮಾಡಿದ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡಿದ್ದರಿಂದ ಹಾಗೆ ಬದಲಿಸಬೇಕಾಯಿತು. ಸಾವಿರ ವರ್ಷಗಳಿಂದ ನಾವು ಅದನ್ನು ಸುಮ್ಮನಿದ್ದು ಓದುತ್ತಿಲ್ಲ, ತಲೆಯ ಮೇಲಿಟ್ಟುಕೊಂಡು ಓದುತ್ತಿದ್ದೇವೆ. ಉಳಿದರ್ಧ ಕಷ್ಟದ್ದು, ಅಲ್ಲಿ ಹಿರಿಯರ ಅಳುಕು ನನ್ನದೂ ಹೌದು. ಸರ್ಸಿಗೆ ಇಂದು ಹರಕೆ ಹೇಳಿಕೊಳ್ಳುವವರಿಲ್ಲ. ಪಂಜುರ್ಲಿಗೆ ಇದ್ದಾರೆ, ನಾಗನಿಗೆ ಇದ್ದಾರೆ, ನಿಮ್ಮ ಓಣಿಯಲ್ಲೇ ಇದ್ದಾರೆ. ಪುಸ್ತಕದಲ್ಲಿ ಮಾತ್ರ ಬದುಕಿರುವ ದೇವತೆಯನ್ನು ಸಾಹಸಕಥೆಗೆ ಕರೆತರುವುದೂ ವರ್ಷಕ್ಕೊಮ್ಮೆ ಗಗ್ಗರ ಕಟ್ಟಿ ಎದುರಿಗೆ ನಿಂತು ನುಡಿ ಕೊಡುವ ದೈವವನ್ನು ಕರೆತರುವುದೂ ಒಂದೇ ಅಲ್ಲ. ನಿಷೇಧವೆಂದು ನಾನು ಹೇಳುತ್ತಿಲ್ಲ. ಬರೆಯುವವನಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಯಾರ ಅಭಿಪ್ರಾಯ ಸರಿ ಎಂದು ಕೇಳಿದಿರಿ. ಅಭಿಪ್ರಾಯ ಹೇಳುವುದನ್ನು ಕಲಿಯಲು ಉಡುಪಿಯವರು ದೂರ ಹೋಗಬೇಕಾಗಿಲ್ಲ, ನಂದಳಿಕೆಯವರೆಗೆ ಹೋದರೆ ಸಾಕು. 1870ರಲ್ಲಿ ಅಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದು, 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲೇ ತೀರಿಕೊಂಡ ಲಕ್ಷ್ಮೀನಾರಾಯಣಪ್ಪ, ಅಂದರೆ ಮುದ್ದಣ, ‘ಶ್ರೀರಾಮಾಶ್ವಮೇಧ’ವನ್ನು ಹಳಗನ್ನಡದ ಗದ್ಯದಲ್ಲಿ ಬರೆದ. ತಾನು ಬರೆದದ್ದೆಂದು ಹೇಳಿಕೊಳ್ಳಲಿಲ್ಲ; ಯಾರೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳುಹಿಸಿದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುಳಿತು ಹಳಗನ್ನಡದ ವೇಷ ತೊಟ್ಟ ಅವನಿಗೂ, ಅಲಮೋ ಕದನಕ್ಕೆ ಹಳೆಯ ಇಂಗ್ಲಿಷಿನ ವೇಷ ತೊಡಿಸಿದ ಮೈಯರ್ಸ್‌ಗೂ ಒಳಗೊಳಗೇ ನೆಂಟಸ್ತಿಕೆ ಇದೆಯೆಂದು ನನಗೆ ಯಾವಾಗಲೂ ಅನ್ನಿಸಿದೆ.

ಆ ಕೃತಿಯಲ್ಲಿ ಕಥೆ ಕೇಳುವವಳು ಹೆಂಡತಿ ಮನೋರಮೆ. ಅವಳು ಸುಮ್ಮನೆ ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯ ಬೇಕು ಎಂದು ಮೊದಲೇ ಷರತ್ತು ಹಾಕುತ್ತಾಳೆ. ಮುದ್ದಣ ಸಂಸ್ಕೃತದ ಬಿರುಸಿನಲ್ಲಿ ಹೊರಟಾಗ, ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದಂತಾಯಿತು ಎಂದು ತಡೆಯುತ್ತಾಳೆ. ಗಮನಿಸಿ, ಅವಳು ‘ಚೆನ್ನಾಗಿಲ್ಲ’ ಎನ್ನುವುದಿಲ್ಲ, ‘ಮಹಾಕೃತಿ’ ಎಂದೂ ಎನ್ನುವುದಿಲ್ಲ. ಎಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಜಾಗ ತೋರಿಸುತ್ತಾಳೆ. ನಾನು ಓದುಗರ ಅಭಿಪ್ರಾಯಗಳನ್ನು ಜರಡಿ ಹಿಡಿಯುವುದೂ ಹೀಗೆಯೇ. ಐದು ನಕ್ಷತ್ರ, ಒಂದು ನಕ್ಷತ್ರಗಳನ್ನು ಪಕ್ಕಕ್ಕಿಟ್ಟು, ಯಾವ ಪ್ರಸಂಗದಲ್ಲಿ ಏನಾಯಿತು ಎಂದು ಹೇಳಿದವರ ಮಾತನ್ನು ಕೇಳುತ್ತೇನೆ. ಆ ಲೆಕ್ಕದಲ್ಲಿ ನಿಮ್ಮ ಗುಂಪಿನ ಅಭಿಪ್ರಾಯಗಳಲ್ಲಿ ಇನ್ನೂ ಜಾಗ ತೋರಿಸಿದ್ದು ಕಡಿಮೆ. ನಾಯಕನ ಯಾವ ನಡತೆ ಹುಡುಗನಿಗೆ ಹಿಡಿಸಲಿಲ್ಲ, ಯಾವ ಒಡವೆ ಮೇಡಂಗೆ ಎರವಲೆನಿಸಿತು ಎಂಬುದು ಗೊತ್ತಾಗಬೇಕು.

ಕನ್ನಡದಲ್ಲಿ ಬರೆಯಬಹುದೇ ಎಂಬ ಕೊನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅದಕ್ಕೆ ಬೇಕಾದ ವಾಹನ ನಮ್ಮಲ್ಲಿ ಸಿದ್ಧವಾಗಿದೆ. ಅದು ಕುದುರೆ. ಅಶ್ವಮೇಧದ ಕುದುರೆಯನ್ನು ಬಿಟ್ಟರೆ ಅದು ತನಗೆ ಬೇಕಾದಲ್ಲಿ ಹೋಗುತ್ತದೆ, ವೀರರು ಹಿಂದೆ ಹೋಗಬೇಕು. ದಾರಿಯನ್ನು ನಿರ್ಧರಿಸುವವನು ನಾಯಕನಲ್ಲ. ಸಾಹಸಕಥೆಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಬೇರೆ ಸಾಹಿತ್ಯದಲ್ಲಿ ಕಂಡಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಭಕ್ತಿಕಾವ್ಯ ಎಂಬ ಕಪಾಟಿನಿಂದ ಒಮ್ಮೆ ಹೊರತೆಗೆದು, ಬರಿಯ ಸಾಹಸಕಥೆಯೆಂದು ಓದಿ ನೋಡಿ. ಕುದುರೆ ಬಂಡೆಗೆ ಅಂಟಿಕೊಳ್ಳುತ್ತದೆ; ಆ ಬಂಡೆ ಶಾಪಗ್ರಸ್ತ ಹೆಂಗಸು. ಒಂದು ಕಡೆ ಸುಧನ್ವನನ್ನು ಕುದಿಯುವ ಎಣ್ಣೆಗೆ ಹಾಕುತ್ತಾರೆ. ಒಂದು ಕಡೆ ಕುದುರೆ ನೀರಿಗಿಳಿದು ಹೆಣ್ಣುಗುದುರೆಯಾಗುತ್ತದೆ, ಮುಂದೆ ಹುಲಿಯಾಗುತ್ತದೆ. ಮೈಯರ್ಸ್‌ನ ಹಂದಿ ಇದರ ಮುಂದೆ ಸಪ್ಪೆ. ಮುಂದೆ ಪ್ರಮೀಳೆಯ ಸ್ತ್ರೀರಾಜ್ಯ. ಮಣಿಪುರದಲ್ಲಿ ಅರ್ಜುನ ತನ್ನ ಮಗ ಬಭ್ರುವಾಹನನ ಕೈಯಲ್ಲೇ ಸಾಯುತ್ತಾನೆ, ನಾಗಲೋಕದ ಮಣಿ ಬಂದ ಮೇಲೆ ಎದ್ದು ಕೂರುತ್ತಾನೆ. ಇವುಗಳಲ್ಲಿ ಹಲವು ನಿಮ್ಮ ಊರಿನ ಗದ್ದೆಗಳಲ್ಲಿ ಆಟವಾಗಿ ಬಂದಿವೆ. ‘ಸುಧನ್ವಾರ್ಜುನ’, ‘ಬಭ್ರುವಾಹನ ಕಾಳಗ’, ‘ಚಂದ್ರಹಾಸ ಚರಿತ್ರೆ’ಗಳನ್ನು ನೋಡದವರು ನಿಮ್ಮ ಗುಂಪಿನಲ್ಲಿ ಇರಲಾರರು.

ಬರೆಯುವವರಿಗೆ ಎರಡು ಮಾತು ಹೇಳಬೇಕು. ಹಳೆಯ ಕಾವ್ಯಗಳ ಪಾತ್ರಗಳನ್ನು ಯಾರೂ ಕರೆಯಬಹುದು. ಇತ್ತೀಚಿನ ಕಾದಂಬರಿಗಳ ಪಾತ್ರಗಳ ವಿಷಯ ಹಾಗಲ್ಲ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕೃತಿಗಳಿಗೆ ಅದು 2057ರ ಕೊನೆಯವರೆಗೆ ಇದೆ. ಕೋಟದ ಕಡಲಂಚಿನ ಅವರ ಪಾತ್ರವೊಂದನ್ನು ನಿಮ್ಮ ಕಥೆಯ ದಾರಿಯಲ್ಲಿ ನಿಲ್ಲಿಸಬೇಕೆಂದರೆ ಮೊದಲು ಹಕ್ಕುದಾರರ ಅನುಮತಿ ಕೇಳಿ. ಎರಡನೆಯದು ರುಚಿಯ ಮಾತು: ನಾಯಕ ಯಾವ ಪ್ರಸಂಗವನ್ನೂ ನೋಡದವನಾಗಿರಲಿ. ನಮ್ಮ ಊರಿನಲ್ಲಿ ಅಂಥವರು ಈಗ ಧಾರಾಳವಾಗಿ ಸಿಗುತ್ತಾರೆ. ಮಂಗಳೂರಿನ ಕಚೇರಿಯೊಂದರಲ್ಲಿ ದಿನವಿಡೀ ಲೆಕ್ಕದ ಹಾಳೆ ನೋಡುವವನೊಬ್ಬ, ಮಳೆಗಾಲದ ರಾತ್ರಿ ದಾರಿ ತಪ್ಪಿ, ಹಣೆಯ ಮೇಲೆ ಚಿನ್ನದ ಪಟ್ಟಿ ಕಟ್ಟಿದ ಕುದುರೆಯೊಂದನ್ನು ಕಾಣುತ್ತಾನೆ ಎಂದುಕೊಳ್ಳಿ. ಪಟ್ಟಿಯಲ್ಲಿ ಏನು ಬರೆದಿದೆ ಎಂದು ನಿಮಗೂ ನನಗೂ ಗೊತ್ತು. ಅವನು ಕುದುರೆಯನ್ನು ಕಟ್ಟಿಹಾಕಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ.

ಮುಂದಿನ ತಿಂಗಳು ಲಕ್ಷ್ಮೀಶನಲ್ಲಿ ಕುದುರೆ ಹುಲಿಯಾಗುವ ಭಾಗವನ್ನೂ ಸರ್ಸಿಯ ಪ್ರಸಂಗವನ್ನೂ ಒಂದೇ ಸಂಜೆ ಓದಿ. ವಾರ್ಧಕ ಷಟ್ಪದಿ ಗಟ್ಟಿ ಓದಿಗೆ ಚೆನ್ನಾಗಿ ಒದಗುತ್ತದೆ. ಅರ್ಥ ಹೇಳುವ ಕೆಲಸವನ್ನು ಹಿರಿಯರಿಗೆ ಕೊಡಿ. ಬ್ಯಾಂಕಿನವರು ನೋಟ್‌ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಬರಲಿ. ಹುಡುಗನಿಗೆ ಪಾತಾಳದ ಭಾಗದಿಂದ ಓದು ಎಂದು ಹೇಳಿ, ಅಲ್ಲಿಂದ ಬೇಕಾದರೆ ಅವನೇ ಹಿಂದಕ್ಕೆ ಬರುತ್ತಾನೆ.